ಕಾಸರಗೋಡಿನ ಒಂದು ಕಾರ್ ಶೋರೂಮು: ಯಾರ್ಡಲ್ಲಿ ತೋರಿಸಿದ್ದು, ಕೈಗೆ ಕೊಟ್ಟದ್ದು

ಮೊದಲೇ ಹೇಳ್ತೇನೆ, ಈ ಶೋರೂಮಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೇನೆ, ಮತ್ತು ಆ ನಾಲ್ಕೂ ಎದುರಿನ ಗಾಜಿನ ಹಾಲಿಗೆ ಅಲ್ಲ, ಹಿಂದೆ ಜಲ್ಲಿ ಹಾಕಿದ ಯಾರ್ಡ್ ಉಂಟಲ್ಲ, ಅದಕ್ಕೆ. ಹೊಸ ಕಾರು ತಗೊಳ್ಳುವಾಗ ನಾವೆಲ್ಲ ಕೇಳೋದು ಡಿಸ್ಕೌಂಟ್ ಎಷ್ಟು, ಮ್ಯಾಟ್ ಫ್ರೀ ಕೊಡ್ತೀರಾ, ಡೆಲಿವರಿ ಯಾವಾಗ ಇಷ್ಟೇ. ಕಾರು ಟ್ರೈಲರಿಂದ ಇಳಿದ ಮೇಲೆ ನಮ್ಮ ಕೈಗೆ ಬರೋ ತನಕ ಅದನ್ನು ಯಾರು ನೋಡಿದ್ರು, ಎಂತ ನೋಡಿದ್ರು ಅಂತ ಕೇಳುವವರು ಕಮ್ಮಿ. ನಾನು ಈ ರಿವ್ಯೂ ಬರೀತಾ ಇರೋದೇ ಅದಕ್ಕೋಸ್ಕರ. ಶೋರೂಮಿನ ಹೆಸರು ಹಾಕೋದಿಲ್ಲ, ಕಾರಿನ ಹೆಸರೂ ಬೇಡ, ಯಾಕಂದ್ರೆ ಮಧ್ಯೆ ಇನ್ನೊಂದು ಶೋರೂಮಿನ ವಿಷಯವೂ ಬರ್ತದೆ, ಸುಮ್ಮನೆ ಅದು ಇವರು ಅದು ಅವರು ಅಂತ ಜಗಳ ಆಗೋದು ಬೇಡ.

ಇನ್ನೊಂದು, ಹಳೇ ಕಾರು ಕಂಪನಿಗಳ ಚರಿತ್ರೆ ಓದೋದು ನನಗೆ ತುಂಬಾ ಇಷ್ಟ, ಅದರಲ್ಲೂ ಅಮೆರಿಕದ ಫೋರ್ಡಿನವರು ಸುಮಾರು ನೂರು ವರ್ಷ ಹಿಂದೆ, ಮಾಡೆಲ್ ಟಿ, ಮಾಡೆಲ್ ಎ ಅನ್ನುವ ಕಾರುಗಳ ಕಾಲದಲ್ಲಿ ಕಾರನ್ನು ಜನರಿಗೆ ಹೇಗೆ ತೋರಿಸಿದ್ರು, ಹೇಗೆ ತಲುಪಿಸಿದ್ರು ಅನ್ನೋದು. ಈಗಿನ ಶೋರೂಮುಗಳು ಮಾಡುವ ಅರ್ಧಕ್ಕರ್ಧ ಕೆಲಸದ ಬೇರು ಅಲ್ಲಿ ಉಂಟು, ಹಾಗಾಗಿ ಅದನ್ನು ಬಿಟ್ಟು ಬರೆಯೋದಕ್ಕೆ ನನ್ನಿಂದ ಆಗೋದಿಲ್ಲ.

ಕಾರು ತಗೊಂಡದ್ದು ಅಪ್ಪನಿಗೆ. ಅಪ್ಪ ರಿಟೈರ್ಡ್ ಕನ್ನಡ ಮಾಷ್ಟ್ರು, ಮನೆ ಬದಿಯಡ್ಕ ಪೇಟೆಯಿಂದ ತುಂಬ ಒಳಗೆ, ಟಾರ್ ರೋಡಿಂದ ಅಂಗಳಕ್ಕೆ ಹತ್ತಲಿಕ್ಕೆ ಕಡಿದಾದ ಏರು, ಅರ್ಧ ಕಾಂಕ್ರೀಟು ಅರ್ಧ ಮುರಕಲ್ಲು, ಮಳೆಗಾಲದಲ್ಲಿ ಪಾಚಿ ಹಿಡಿದು ಜಾರ್ತದೆ. ಹಳೇ ಗಾಡಿಯಲ್ಲಿ ಆ ಏರಲ್ಲಿ ಕ್ಲಚ್ ಹಿಡಿದು ಹಿಡಿದು ಮೊಣಕಾಲು ನೋವು ಜಾಸ್ತಿ ಆಗಿತ್ತು, ಡಾಕ್ಟ್ರೂ ಹೇಳಿದ್ರು, ಹಾಗಾಗಿ ಕ್ಲಚ್ ಪೆಡಲ್ ಇಲ್ಲದ, ಗೇರ್ ತಾನಾಗಿ ಬದಲಾಗುವ ಎಎಂಟಿ ಗಾಡಿಯೇ ಆಗಬೇಕು ಅಂತ ತೀರ್ಮಾನ ಆಯ್ತು.

ನಮ್ಮ ಕಡೆಯವರಿಗೆ ಆಸ್ಪತ್ರೆಗೆ ಮಂಗಳೂರು, ಕಾಲೇಜಿಗೆ ಮಂಗಳೂರು, ಮದುವೆ ಜವಳಿಗೂ ಮಂಗಳೂರು, ಆದ್ರೆ ಕಾರಿನ ವಿಷಯದಲ್ಲಿ ಲೆಕ್ಕ ಬೇರೆ. ಅಲ್ಲಿ ತಗೊಂಡ್ರೆ ಟೆಂಪರರಿ ರಿಜಿಸ್ಟ್ರೇಷನ್ ಮಾಡಿಸಿ, ತಲಪಾಡಿ ಗಡಿ ದಾಟಿಸಿ, ಇಲ್ಲಿ ಕೇರಳದ ಟ್ಯಾಕ್ಸ್ ಕಟ್ಟಿ ಕೆಎಲ್ 14 ನಂಬರ್ ಮಾಡಿಸಬೇಕು. ಮಂಗಳೂರಿನ ಕೆಎ 19 ನಂಬರ್ ಮಾಡಿಸಿಕೊಂಡು ಇಲ್ಲಿ ಖಾಯಂ ಓಡಿಸ್ತೇನೆ ಅಂದ್ರೆ ಒಂದಲ್ಲ ಒಂದು ದಿನ ಚೆಕಿಂಗಲ್ಲಿ ಕೈ ಅಡ್ಡ ಹಾಕ್ತಾರೆ, ಅಪ್ಪನಿಗೆ ಆ ತಲೆಬಿಸಿ ಬೇಡ. ಹಾಗಾಗಿ ಕಾಸರಗೋಡಲ್ಲೇ ತಗೊಳ್ಳೋದು ಅಂತ ಆಯ್ತು.

ಈಗ ಹಾಲ್ ವಿಷಯ. ದೊಡ್ಡ ಗಾಜು, ನೆಲ ಕನ್ನಡಿ ಹಾಗೆ ಹೊಳೀತದೆ, ಮಧ್ಯದಲ್ಲಿ ತಿರುಗುವ ಪ್ಲಾಟ್‌ಫಾರ್ಮ್ ಮೇಲೆ ಒಂದು ಕಾರು, ಮೇಲಿಂದ ಬಿಳೀ ಲೈಟು. ನೋಡ್ಲಿಕ್ಕೆ ಚಂದವೇ. ಆದ್ರೆ ಇಟ್ಟದ್ದೆಲ್ಲ ಟಾಪ್ ಮಾಡೆಲ್, ಸನ್‌ರೂಫು, ಅಲಾಯ್ ವೀಲು, ಚರ್ಮದ ಸೀಟು ಇರುವಂಥದ್ದು. ನಮಗೆ ಬೇಕಾದ ಮಧ್ಯದ ವೇರಿಯಂಟ್ ಒಂದೂ ಇರಲಿಲ್ಲ, ಅದರ ಸೀಟಿನ ಬಟ್ಟೆ ಹೇಗೆ, ಡ್ಯಾಶ್‌ಬೋರ್ಡ್ ಯಾವ ಬಣ್ಣ ಅಂತ ಕೇಳಿದ್ರೆ ಟ್ಯಾಬಲ್ಲಿ ಫೋಟೋ ತೋರಿಸಿದ್ರು. ನಮ್ಮ ಊರಲ್ಲಿ ಕಾರು ತಗೊಳ್ಳುವವರಲ್ಲಿ ಹೆಚ್ಚಿನವರು ಮಧ್ಯದ ಅಥವಾ ಕೆಳಗಿನ ವೇರಿಯಂಟೇ ತಗೊಳ್ಳೋದು, ಹಾಗಿರುವಾಗ ಅದರಲ್ಲಿ ಒಂದಾದ್ರೂ ನೆಲದ ಮೇಲೆ ಇರಬೇಕಿತ್ತು. ಕಳೆದುಹೋದ ಒಂದು ಸ್ಟಾರಲ್ಲಿ ಅರ್ಧ ಇಲ್ಲಿಗೆ ಹೋಯ್ತು.

ಕಾರನ್ನು ಹೀಗೆ ಮೆರೆಸಿ ಆಸೆ ಹುಟ್ಟಿಸುವ ವಿದ್ಯೆ ಹೊಸದಲ್ಲ. 1927ರ ಮೇ ತಿಂಗಳಲ್ಲಿ ಫೋರ್ಡ್ ಒಂದೂವರೆ ಕೋಟಿಯನೇ ಮಾಡೆಲ್ ಟಿ ಹೊರಗೆ ತಂದು ಆ ಕಾರಿಗೆ ಮಂಗಳ ಹಾಡಿತು. ಆಮೇಲೆ ತಿಂಗಳುಗಟ್ಟಲೆ ಫ್ಯಾಕ್ಟರಿಯಲ್ಲಿ ಹೊಸ ಮೆಷಿನ್ ಜೋಡಿಸುವ ಕೆಲಸ, ಡೀಲರ್‌ಗಳ ಹತ್ರ ಮಾರ್ಲಿಕ್ಕೆ ಹೊಸ ಕಾರಿಲ್ಲ, ಮುಂದಿನ ಮಾಡೆಲ್ ಹೇಗುಂಟು ಅನ್ನೋದು ಗುಟ್ಟು. ಕೊನೆಗೆ ಡಿಸೆಂಬರ್ 2ಕ್ಕೆ ಮಾಡೆಲ್ ಎ ತೋರಿಸಿದ್ರು ನೋಡಿ, ಅಮೆರಿಕದ ಊರೂರಲ್ಲಿ ಶೋರೂಮಿನ ಎದುರು ಜಾತ್ರೆ, ಪೊಲೀಸರು ಬಂದು ಜನರನ್ನು ಹಿಡಿದು ನಿಲ್ಲಿಸಬೇಕಾಯ್ತು. ನ್ಯೂಯಾರ್ಕಲ್ಲಿ ಶೋರೂಮಿನ ಜಾಗ ಸಾಕಾಗದೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅಂತ ದೊಡ್ಡ ಸಭಾಂಗಣಕ್ಕೇ ಪ್ರದರ್ಶನ ಹೋಯ್ತು. ಲಕ್ಷಗಟ್ಟಲೆ ಆರ್ಡರ್ ಬಿತ್ತು, ಆದ್ರೆ ಫ್ಯಾಕ್ಟರಿಯಿಂದ ಕಾರು ಬರ್ತಾ ಇದ್ದದ್ದು ಬರೇ ನಿಧಾನಕ್ಕೆ, ದುಡ್ಡು ಕಟ್ಟಿದವರು ತಿಂಗಳುಗಟ್ಟಲೆ ಕಾದ್ರು. ತೋರಿಸಿದ ಕಾರು ಮತ್ತು ಕೈಗೆ ಬರುವ ಕಾರು, ಇವೆರಡರ ಮಧ್ಯೆ ಇರುವ ಅಂತರ ಅವತ್ತೂ ಇತ್ತು. ಈಗಲೂ ಬುಕಿಂಗ್ ಮಾಡಿ ಆರು ತಿಂಗಳು ಕಾಯುವವರು ಇದ್ದಾರಲ್ಲ.

ಟೆಸ್ಟ್ ಡ್ರೈವ್ ಬಗ್ಗೆ ದೂರು ಇಲ್ಲ. ಹೈವೇಯಲ್ಲಿ ಬರೇ ನೇರಕ್ಕೆ ಓಡಿಸಿದ್ರೆ ನಮಗೆ ಉಪಯೋಗ ಇಲ್ಲ, ಏರು ಬೇಕು ಅಂತ ಅಪ್ಪ ಹೇಳಿದ್ರು, ಸೇಲ್ಸ್ ಹುಡುಗ ತಕರಾರಿಲ್ಲದೆ ವಿದ್ಯಾನಗರದ ಕಡೆಯ ಒಂದು ಗುಡ್ಡೆ ರೋಡಿಗೆ ಕರ್ಕೊಂಡು ಹೋದ. ಕೊಟೇಶನಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಹಾಕಿರಲಿಲ್ಲ, ಇನ್ಶೂರೆನ್ಸ್ ನಾವು ಹೊರಗಿಂದ ಮಾಡಿಸ್ತೇವೆ ಅಂದಾಗ ಮುಖ ಸ್ವಲ್ಪ ಸಣ್ಣ ಆಯ್ತು ಆದ್ರೆ ಬೇಡ ಅನ್ಲಿಲ್ಲ. ಇನ್ಶೂರೆನ್ಸ್ ಡೀಲರ ಹತ್ರವೇ ಮಾಡಿಸಬೇಕು ಅಂತ ಕಾನೂನು ಇಲ್ಲ, ಇದು ಎಲ್ಲರಿಗೂ ಗೊತ್ತಿರಲಿ, ಸಾವಿರಗಟ್ಟಲೆ ಉಳೀತದೆ.

ಇನ್ನು ಮುಖ್ಯ ವಿಷಯಕ್ಕೆ ಬರ್ತೇನೆ. ನಮ್ಮ ಭಾವ ಕಳೆದ ವರ್ಷ ಬೇರೆ ಕಡೆ, ಬೇರೆ ಕಂಪನಿಯ ಕಾರು ತಗೊಂಡಾಗ ನಾನೂ ಜೊತೆಗೆ ಹೋಗಿದ್ದೆ. ರಿಜಿಸ್ಟ್ರೇಷನ್ ಮೊದಲು ಕಾರು ತೋರಿಸಿ ಅಂದ್ರೆ, ಯಾರ್ಡ್ ದೂರ ಉಂಟು, ಅಲ್ಲಿಗೆ ಕಸ್ಟಮರನ್ನು ಬಿಡೋದಿಲ್ಲ, ಸೇಫ್ಟಿ ರೂಲ್ಸು, ಚಾಸಿ ನಂಬರ್ (ಗಾಡಿಯ ಮೈಮೇಲೆ ಕೊರೆದ ಗುರುತಿನ ನಂಬರ್) ವಾಟ್ಸಾಪ್ ಮಾಡ್ತೇವೆ, ಹೀಗೆ ಒಂದರ ಮೇಲೊಂದು. ನಂಬರ್ ಪ್ಲೇಟ್ ಹಾಕಿ, ರಿಬ್ಬನ್ ಕಟ್ಟಿ, ಮೇಲೆ ಸ್ಯಾಟಿನ್ ಬಟ್ಟೆ ಮುಚ್ಚಿ ನಿಲ್ಲಿಸಿದ ಮೇಲೆಯೇ ನಾವು ಕಾರಿನ ಮುಖ ನೋಡಿದ್ದು. ಬಟ್ಟೆ ಎಳೆದ್ರು, ಎಲ್ಲರೂ ಚಪ್ಪಾಳೆ ತಟ್ಟಿದ್ರು, ಕೇಕ್ ಕಟ್ ಆಯ್ತು. ಮನೆಗೆ ಬಂದು ಮಾರನೇ ದಿನ ಬೆಳಕಲ್ಲಿ ನೋಡಿದ್ರೆ ಬಂಪರಿನ ಮೂಲೆಯಲ್ಲಿ ಬಣ್ಣ ಒಂದು ಚೂರು ಬೇರೆ. ಕೇಳಿದ್ರೆ ನೀವು ಸೈನ್ ಹಾಕಿದ್ದೀರಲ್ಲ ಅಂತ ಪೇಪರ್ ತೋರಿಸಿದ್ರು. ಅಕ್ಕ ಆವತ್ತು ಕಣ್ಣೀರು ಹಾಕಿದ್ದು ನನಗೆ ಈಗಲೂ ಸಂಕಟ ಆಗ್ತದೆ, ವರ್ಷಗಟ್ಟಲೆ ಉಳಿಸಿದ ದುಡ್ಡು ಅದು.

ಇದರ ಹಿಂದೆ ಒಂದು ನಿಯಮದ ವಿಷಯ ಉಂಟು. 2019ರ ಏಪ್ರಿಲ್‌ನಿಂದ ಹೊಸ ಗಾಡಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟನ್ನು ಡೀಲರೇ ಹಾಕಿ ಕೊಡಬೇಕು. ಒಳ್ಳೇದೇ, ಆದ್ರೆ ಪ್ಲೇಟ್ ಬರಬೇಕಾದ್ರೆ ಮೊದಲು ರಿಜಿಸ್ಟ್ರೇಷನ್ ಆಗಬೇಕು, ರಿಜಿಸ್ಟ್ರೇಷನ್ ಆಯ್ತು ಅಂದ್ರೆ ಆ ಚಾಸಿ ನಂಬರಿನ ಕಾರು ನಮ್ಮ ಹೆಸರಿಗೆ ಆಯ್ತು, ಆಮೇಲೆ ಅದರಲ್ಲಿ ಏನೇ ಕಂಡ್ರೂ ಬೇರೆ ಕಾರು ಕೊಡಿ ಅನ್ಲಿಕ್ಕೆ ದಾರಿ ಭಯಂಕರ ಕಷ್ಟ. ಹಾಗಾಗಿ ನೋಡೋದಿದ್ರೆ ಅದಕ್ಕೆ ಮೊದಲೇ ನೋಡಬೇಕು, ಯಾರ್ಡಲ್ಲೇ ನೋಡಬೇಕು. ಪಿಡಿಐ, ಅಂದ್ರೆ ಡೆಲಿವರಿ ಮುಂಚೆ ಮಾಡುವ ಚೆಕಿಂಗು, ಅದನ್ನು ಕಸ್ಟಮರ್ ಎದುರೇ ಮಾಡ್ತೀರಾ ಅಂತ ಬುಕಿಂಗ್ ದುಡ್ಡು ಕೊಡುವ ಮೊದಲು ಕೇಳಿ, ಆಗೋದಿಲ್ಲ ಅಂದ್ರೆ ಎದ್ದು ಬನ್ನಿ.

ಕಾಸರಗೋಡಿನ ಈ ಶೋರೂಮಲ್ಲಿ ಹಾಗೆ ಕೇಳಿದಾಗ ಮ್ಯಾನೇಜರ್, ಹೌದು, ಬನ್ನಿ, ಆದ್ರೆ ಮಧ್ಯಾಹ್ನ ಮೇಲೆ ಬೇಡ ಬೆಳಿಗ್ಗೆ ಬನ್ನಿ, ಬೆಳಕು ಸರಿ ಇರ್ತದೆ ಅಂದ್ರು. ಆ ಒಂದು ಮಾತಿಗೇ ನನಗೆ ನಂಬಿಕೆ ಬಂತು. ಬೆಳಕಲ್ಲಿ ನೋಡಿ ಅಂತ ಹೇಳುವ ಮಾರಾಟಗಾರ ಅಪರೂಪ.

ಯಾರ್ಡಲ್ಲಿ ನಮ್ಮ ಜೊತೆ ಇದ್ದದ್ದು ಒಬ್ಬ ಟೆಕ್ನಿಷಿಯನ್, ಪೈವಳಿಕೆ ಕಡೆಯ ಹುಡುಗ, ಕೈಯಲ್ಲಿ ಸಣ್ಣ ಟಾರ್ಚು, ಕಿಸೆಯಲ್ಲಿ ಟಯರ್ ಪ್ರೆಶರ್ ಗೇಜು. ಅಪ್ಪನನ್ನು ನೋಡಿ ಬನ್ನಿ ಮಾಷ್ಟ್ರೇ ಅಂದ, ಆಮೇಲೆ ಎಲ್ಲಾ ಕನ್ನಡದಲ್ಲೇ ಹೇಳಿದ, ಮಧ್ಯೆ ಮಧ್ಯೆ ಅಮ್ಮನ ಹತ್ರ ತುಳುವಲ್ಲಿ. ಮೊದಲು ಚಾಸಿ ನಂಬರ್ ಎಲ್ಲಿ ಕೊರೆದದ್ದು ಉಂಟು ಅಂತ ತೋರಿಸಿ, ಅಪ್ಪನ ಕೈಗೆ ಇನ್ವಾಯ್ಸ್ ಕಾಪಿ ಕೊಟ್ಟು, ನೀವೇ ಓದಿ ಮಾಷ್ಟ್ರೇ, ನಾನು ಇಲ್ಲಿಂದ ಹೇಳ್ತೇನೆ ಅಂತ ಒಂದೊಂದೇ ಅಕ್ಷರ ಹೇಳಿದ. ಆಮೇಲೆ ಟಯರು. ಪ್ರತಿ ಟಯರಿನ ಬದಿಯಲ್ಲಿ ಒಂದು ಉದ್ದ ಕೋಡು ಇರ್ತದೆ, ಅದರ ಕೊನೆಯ ನಾಲ್ಕು ಅಂಕಿ ಅದು ಹುಟ್ಟಿದ ದಿನ, ಮೊದಲ ಎರಡು ಎಷ್ಟನೇ ವಾರ, ಆಮೇಲಿನ ಎರಡು ಯಾವ ವರ್ಷ. 3224 ಅಂತ ಇದ್ರೆ 2024ರ 32ನೇ ವಾರ. ಕಾರು ತಯಾರಾದ ತಿಂಗಳಿಗಿಂತ ಟಯರ್ ಆಮೇಲಿನದ್ದಾಗಿದ್ರೆ ಟಯರ್ ಬದಲಾಗಿದೆ ಅಂತಲೇ ಅರ್ಥ, ಸ್ಟೆಪ್ನಿಯದ್ದೂ ನೋಡಬೇಕು ಅಂತ ಡಿಕ್ಕಿಯ ಮ್ಯಾಟ್ ಎತ್ತಿ ತೋರಿಸಿದ. ಪ್ರೆಶರ್ ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಇತ್ತು, ಸಾಗಿಸುವಾಗ ಮತ್ತು ಯಾರ್ಡಲ್ಲಿ ತಿಂಗಳುಗಟ್ಟಲೆ ನಿಂತಾಗ ಟಯರ್ ಚಪ್ಪಟೆ ಆಗಬಾರದು ಅಂತ ಹಾಗೆ ಹೊಡೀತಾರಂತೆ, ಡೆಲಿವರಿ ದಿನ ಇಳಿಸಬೇಕು, ಇಳಿಸದೆ ಕೊಟ್ಟುಬಿಟ್ರೆ ಗಾಡಿ ಕುಣೀತದೆ, ಹೊಸ ಕಾರಿನ ಸಸ್ಪೆನ್ಷನೇ ಹೀಗೆ ಅಂತ ಜನ ತಿಳ್ಕೊಳ್ತಾರೆ.

ಬಾಡಿ ನೋಡುವಾಗ ಅವನು ಮಾಡಿದ್ದು ನನಗೆ ತುಂಬಾ ಹಿಡಿಸಿತು. ಬಾಗಿಲಿನ ಎದುರು ನಿಂತು ನೋಡ್ಲಿಲ್ಲ, ಹಿಂದಿನ ಲೈಟಿನ ಹತ್ರ ಕೂತು, ಒಂದು ಕಣ್ಣು ಮುಚ್ಚಿ, ಕಾರಿನ ಉದ್ದಕ್ಕೂ ಓರೆಗೆ ನೋಡಿದ, ಹಾಗೆ ನೋಡಿದ್ರೆ ಮೇಲ್ಮೈಯಲ್ಲಿ ಅಲೆ ಇದ್ರೆ ಗೊತ್ತಾಗ್ತದೆ. ಆಮೇಲೆ ಒಂದೊಂದೇ ಬಾಗಿಲು ತೆಗೆದು ಕೆಳಗಿನ ಅಂಚಿಗೆ ಬೆರಳು ಹಾಕಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಳೆದ. ಬಲಬದಿಯ ಹಿಂದಿನ ಬಾಗಿಲಲ್ಲಿ ಬೆರಳು ನಿಂತಿತು. ಮಾಷ್ಟ್ರೇ, ಇಲ್ಲಿ ಕೈ ಹಾಕಿ ನೋಡಿ ಅಂದ. ಅಪ್ಪ ಹಾಕಿದ್ರು, ನಾನೂ ಹಾಕಿದೆ, ಉಗುರಿಗೆ ಸಿಗುವಷ್ಟು ಒರಟು, ಯಾರೋ ಬ್ರಷ್ಷಲ್ಲಿ ಬಣ್ಣ ಮುಟ್ಟಿಸಿದ ಹಾಗೆ. ಲೋಡಿಂಗ್ ಅಥವಾ ಅನ್‌ಲೋಡಿಂಗ್ ಸಮಯದಲ್ಲಿ ತಾಗಿರಬೇಕು, ನನ್ನ ಲೆಕ್ಕದಲ್ಲಿ ಇದು ಬೇಡ, ನೀವು ಮ್ಯಾನೇಜರ್ ಹತ್ರ ಹೇಳಿ, ನಾನೂ ಶೀಟಲ್ಲಿ ಬರೀತೇನೆ ಅಂತ ಬರೆದೇಬಿಟ್ಟ. ನಮ್ಮ ಕಣ್ಣಿಗೆ ಬಿದ್ದದ್ದಲ್ಲ ಅದು, ಅವನೇ ಹಿಡಿದು ತೋರಿಸಿದ್ದು. ಮ್ಯಾನೇಜರ್ ಬಂದು ನೋಡಿ, ಕಂಪನಿಯ ರೇಟಲ್ಲಿ ಬಾಗಿಲು ಪೇಂಟ್ ಮಾಡಿಸಿ ಸ್ವಲ್ಪ ದುಡ್ಡು ಬಿಡ್ತೇವೆ, ಇಲ್ಲಾಂದ್ರೆ ಮುಂದಿನ ಲೋಡಲ್ಲಿ ಬರುವ ಕಾರು ಕೊಡ್ತೇವೆ, ಯಾವುದಾದ್ರೂ ಕಾಗದದಲ್ಲಿ ಬರೆದು ಕೊಡ್ತೇವೆ ಅಂದ್ರು. ನಾವು ಕಾಯೋದು ಅಂತ ಮಾಡಿದೆವು. ಬಂದ ಎರಡನೇ ಕಾರನ್ನೂ ಅವನೇ ಅದೇ ಥರ ಬೆರಳಾಡಿಸಿ ನೋಡಿ ಕೊಟ್ಟ.

ಇಲ್ಲೇ ಮಾಡೆಲ್ ಟಿ ನೆನಪಾಗೋದು. ಆ ಕಾಲದಲ್ಲಿ ಫೋರ್ಡಿನ ಫ್ಯಾಕ್ಟರಿ ಇದ್ದ ಡೆಟ್ರಾಯ್ಟಿಂದ ದೂರದ ಊರುಗಳಿಗೆ ಕಾರು ಹೋಗ್ತಾ ಇದ್ದದ್ದು ಗೂಡ್ಸ್ ರೈಲಲ್ಲಿ. ಪೂರ್ತಿ ಜೋಡಿಸಿದ ಕಾರು ಇಟ್ರೆ ಒಂದು ಬೋಗಿಗೆ ಕೆಲವೇ ಕೆಲವು ಹಿಡೀತದೆ, ಬೋಗಿಯೊಳಗೆ ಗಾಳಿಗೇ ಬಾಡಿಗೆ ಕೊಟ್ಟ ಹಾಗೆ. ಹಾಗಾಗಿ ಚಕ್ರ ಕಳಚಿ, ಮಡ್ಗಾರ್ಡ್ ಕಳಚಿ, ಬಾಡಿಯನ್ನು ಬೇರೆ ಮಾಡಿ ಒತ್ತೊತ್ತಿಗೆ ತುಂಬಿಸಿ ಕಳಿಸ್ತಿದ್ರು, ಆಮೇಲೆ ಬೇರೆ ಬೇರೆ ಊರುಗಳಲ್ಲಿ ಫೋರ್ಡೇ ಜೋಡಿಸುವ ಘಟಕ ಮಾಡಿ ಭಾಗಗಳನ್ನೇ ಕಳಿಸಿತು. ಇಳಿಸಿಕೊಂಡ ಕಡೆ ಯಾರೋ ಒಬ್ಬ ಕೂತು ನಟ್ಟು ಬೋಲ್ಟು ಹಾಕಿ ಜೋಡಿಸಲೇಬೇಕು, ಎಣ್ಣೆ ಹಾಕಿ ಸ್ಟಾರ್ಟ್ ಮಾಡಲೇಬೇಕು. ಅಂದ್ರೆ ಕಾರು ಮಾರುವವನಿಗೆ ಅದರ ಮೈಯೆಲ್ಲಾ ಗೊತ್ತಿರ್ತಿತ್ತು, ಕೊಡುವ ಮೊದಲು ಅವನ ಕೈ ಎಲ್ಲಾ ಕಡೆ ಹೋಗಿರ್ತಿತ್ತು. ಈಗ ಕಾರು ಪೂರ್ತಿಯಾಗಿ, ಪ್ಲಾಸ್ಟಿಕ್ ಸುತ್ತಿಕೊಂಡು ಟ್ರೈಲರಲ್ಲಿ ಬರ್ತದೆ. ಬಾನೆಟ್ ತೆಗೆಯದೆಯೂ ಅದನ್ನು ಮಾರಬಹುದು. ಪಿಡಿಐ ಅನ್ನೋದು ಎಷ್ಟೋ ಕಡೆ ಕೂತಲ್ಲೇ ಟಿಕ್ ಹಾಕುವ ಕಾಗದ ಆಗಿಹೋದದ್ದು ಇದರಿಂದಲೇ ಅಂತ ನನ್ನ ಅಭಿಪ್ರಾಯ, ಸಾಗಾಟ ಸುಲಭ ಆದ ಹಾಗೆ ಕೈ ಹಾಕಿ ನೋಡುವ ಅಭ್ಯಾಸ ಹೋಯ್ತು. ಪೈವಳಿಕೆಯ ಆ ಹುಡುಗ ಬೆರಳು ಹಾಕಿ ನೋಡಿದ್ದು ಆ ಹಳೇ ಕೆಲಸವೇ.

ನಮ್ಮ ದೇಶಕ್ಕೂ ಫೋರ್ಡ್ ಬಂದದ್ದು ಹಾಗೇ. 1926ರಲ್ಲಿ ಕೆನಡಾದ ಫೋರ್ಡ್ ಕಂಪನಿಯ ಕೆಳಗೆ ಇಂಡಿಯಾದಲ್ಲಿ ಕಂಪನಿ ಶುರುವಾಗಿ ಬಾಂಬೆ, ಕಲ್ಕತ್ತಾ, ಮದ್ರಾಸಲ್ಲಿ ಕಾರು ಜೋಡಿಸ್ತಾ ಇದ್ರು, ಸ್ಟೇರಿಂಗ್ ಬಲಗಡೆ ಇರುವ ಗಾಡಿ ಮಾಡ್ತಾ ಇದ್ದದ್ದು ಕೆನಡಾದವರು. ನಮ್ಮ ಕಾಸರಗೋಡು ಆಗ ಸೌತ್ ಕೆನರಾದ ತಾಲೂಕು, ಮದ್ರಾಸ್ ಪ್ರೆಸಿಡೆನ್ಸಿಯಲ್ಲೇ ಇದ್ದದ್ದು, 1956ರಲ್ಲಿ ಕೇರಳಕ್ಕೆ ಸೇರಿದ್ದು ಆಮೇಲಿನ ಕಥೆ.

ಟಯರಿನ ವಿಷಯದಲ್ಲಿ ಕಾರು ತಯಾರಾದ ತಿಂಗಳಿನ ಮಾತು ಬಂತಲ್ಲ, ಅದನ್ನು ನೋಡ್ಲೇಬೇಕು ಅನ್ನೋದಕ್ಕೂ ಹಳೇ ಕಾರಣ ಉಂಟು. 1920ರ ಕೊನೆಗೆ ಅಮೆರಿಕದಲ್ಲಿ ವ್ಯಾಪಾರ ಮಲಗಿತ್ತು, ಹೆನ್ರಿ ಫೋರ್ಡ್ ಮೇಲೆ ದೊಡ್ಡ ಸಾಲ ಇತ್ತು. ಅವರು ಬ್ಯಾಂಕಿಗೆ ಹೋಗ್ಲಿಲ್ಲ, ಡೀಲರ್‌ಗಳು ಕೇಳದೆ ಇದ್ರೂ ಕಾರು ಕಳಿಸಿದ್ರು, ಬಂದ ಕೂಡ್ಲೇ ಪೂರ್ತಿ ಕ್ಯಾಶ್ ಕಟ್ಟಬೇಕು, ಇಲ್ಲಾಂದ್ರೆ ಡೀಲರ್‌ಶಿಪ್ ಹೋಯ್ತು. ಡೀಲರ್‌ಗಳು ಅವರವರ ಊರಿನ ಬ್ಯಾಂಕಲ್ಲಿ ಸಾಲ ಮಾಡಿ ಕಟ್ಟಿದ್ರು, ಮಾರಾಟ ಆಗದ ಕಾರು ಅವರ ಅಂಗಳದಲ್ಲಿ ನಿಂತಿತು. ಕಂಪನಿ ಡೀಲರ ಮೇಲೆ ಸ್ಟಾಕ್ ಹೇರೋದು ಇವತ್ತಿಗೂ ನಿಂತಿಲ್ಲ, ಯಾವ ಸೇಲ್ಸ್‌ನವರ ಹತ್ರ ಬೇಕಾದ್ರೂ ಕೇಳಿ. ಡಿಸೆಂಬರಲ್ಲಿ, ಮಾರ್ಚಲ್ಲಿ ಅಷ್ಟು ಡಿಸ್ಕೌಂಟ್ ಬರ್ತದಲ್ಲ, ಅದರಲ್ಲಿ ಬಿಸಿಲು ಮಳೆಗೆ ನಿಂತು ನಿಂತು ಹಳತಾದ ಗಾಡಿಯೂ ಇರ್ತದೆ. ತಗೊಳ್ಳಬಾರದು ಅಂತಲ್ಲ, ಗೊತ್ತಿದ್ದು ತಗೊಳ್ಳಬೇಕು, ರೇಟಲ್ಲಿ ಅದನ್ನು ಕೇಳಬೇಕು, ಬ್ಯಾಟರಿ ಚೆಕ್ ಮಾಡಿಸಬೇಕು.

ಡೆಲಿವರಿ ದಿನದ ಕಾರ್ಯಕ್ರಮ ಎಲ್ಲಾ ಕಡೆ ಇರುವಂಥದ್ದೇ. ದೊಡ್ಡ ರಟ್ಟಿನ ಕೀ, ಹೂಗುಚ್ಛ, ಫೋಟೋ. ಅಪ್ಪ ಆ ಕೀ ಹಿಡಿದು ನಿಂತಾಗ 1983ರ ಡಿಸೆಂಬರ್ 14ರ ಸುದ್ದಿ ತೆಗೆದ್ರು, ಡೆಲ್ಲಿಯಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಯನ್ನು ಹರ್‌ಪಾಲ್ ಸಿಂಗ್ ಅನ್ನುವವರ ಕೈಗೆ ಕೊಟ್ಟ ದಿನ, ಚೀಟಿ ಎತ್ತಿ ಆರಿಸಿದ ಗಿರಾಕಿ ಅವರು. ಅದಕ್ಕೆ ಮೊದಲು ಅಂಬಾಸಿಡರಿಗೋ ಫಿಯೆಟ್ಟಿಗೋ ಬರೆಸಿ ವರ್ಷಗಟ್ಟಲೆ ಕಾಯೋದು, ಕಾರು ಬಂದ ಮೇಲೆ ಹೊಸದಕ್ಕಿಂತ ಜಾಸ್ತಿ ರೇಟಿಗೆ ಬೇರೆಯವರಿಗೆ ಕೊಟ್ಟವರೂ ಇದ್ರು ಅಂತ ಅಪ್ಪ ಹೇಳ್ತಾರೆ. ಕಾಯುವವನೇ ಸಾಲಲ್ಲಿ ಇರುವಾಗ ಬಾಗಿಲಿನ ಅಂಚಿಗೆ ಬೆರಳು ಹಾಕಿ ನೋಡುವ ಧೈರ್ಯ ಯಾರಿಗೆ ಬರ್ತದೆ, ಸಿಕ್ಕಿದ್ದೇ ಪುಣ್ಯ ಅಂತ ತಗೊಂಡು ಹೋಗ್ತಿದ್ರು. ಕೊಟ್ಟದ್ದನ್ನು ಸುಮ್ಮನೆ ತಗೊಳ್ಳುವ ಆ ಅಭ್ಯಾಸ ನಮ್ಮಲ್ಲಿ ಇನ್ನೂ ಉಳಿದಿದೆ ಅಂತ ನನಗೆ ಅನ್ನಿಸ್ತದೆ.

ಜರ್ಮನಿಯ ವೋಲ್ಫ್ಸ್‌ಬರ್ಗಲ್ಲಿ ಫೋಕ್ಸ್‌ವ್ಯಾಗನ್‌ನವರು 2000ದಲ್ಲಿ ಆಟೋಸ್ಟಾಟ್ ಅಂತ ಮಾಡಿದ್ದಾರೆ, 48 ಮೀಟರ್ ಎತ್ತರದ ಎರಡು ಗಾಜಿನ ಗೋಪುರ, ಒಂದೊಂದರಲ್ಲಿ 400 ಕಾರು, ಗಿರಾಕಿಯ ಕಾರು ಲಿಫ್ಟಲ್ಲಿ ಇಳಿದು ಬರ್ತದೆ, ಚಕ್ರ ಉರುಳದೆ. ವಿಡಿಯೋ ನೋಡಿದ್ರೆ ಮೈ ಜುಮ್ಮೆನ್ನುತ್ತದೆ. ಆದ್ರೆ ನನಗೆ ಕೇಳಿದ್ರೆ ಗೋಪುರ ಬೇಡ, ಕಾರು ಕೊಟ್ಟ ಮೇಲೆ ಅರ್ಧ ಗಂಟೆ ಪಕ್ಕದಲ್ಲಿ ಕೂತು ಕಲಿಸುವ ಒಬ್ಬ ಮನುಷ್ಯ ಸಾಕು.

ನಮ್ಮ ಕಾಸರಗೋಡಿನ ಶೋರೂಮಿನವರು ಅದನ್ನು ಮಾಡಿದ್ರು, ಮತ್ತು ಅರ್ಧ ಗಂಟೆಗಿಂತ ಜಾಸ್ತಿಯೇ ಮಾಡಿದ್ರು. ಫೋಟೋ ಮುಗಿದ ಮೇಲೆ ಅದೇ ಟೆಕ್ನಿಷಿಯನ್ ಅಪ್ಪನನ್ನು ಡ್ರೈವರ್ ಸೀಟಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ಕೂತ. ಮೊದಲು ಹೇಳಿದ್ದು, ಮಾಷ್ಟ್ರೇ, ಎಡಗಾಲನ್ನು ಸೀಟಿನ ಕಡೆಗೆ ಎಳ್ಕೊಳ್ಳಿ, ಇನ್ನು ಅದಕ್ಕೆ ಕೆಲಸ ಇಲ್ಲ. ಇಷ್ಟು ವರ್ಷ ಕ್ಲಚ್ ಒತ್ತಿದ ಕಾಲು, ಗಡಿಬಿಡಿಯಲ್ಲಿ ಬ್ರೇಕನ್ನು ಕ್ಲಚ್ ಅಂತ ಒತ್ತಿದ್ರೆ ಗಾಡಿ ದಢಕ್ಕನೆ ನಿಲ್ತದೆ, ಹಿಂದಿನವ ಬಂದು ಗುದ್ದುತ್ತಾನೆ. ಆಮೇಲೆ ಈ ಗೇರಲ್ಲಿ ಪಿ, ಅಂದ್ರೆ ಪಾರ್ಕಿಂಗ್, ಅಂತ ಇಲ್ಲ, ನಿಲ್ಲಿಸುವಾಗ ಗೇರಲ್ಲೇ ಇಟ್ಟು ಹ್ಯಾಂಡ್‌ಬ್ರೇಕ್ ಹಾಕಿ ಆಫ್ ಮಾಡಬೇಕು. ಏರಲ್ಲಿ ಆಕ್ಸಿಲರೇಟರಲ್ಲೇ ಗಾಡಿ ಹಿಡಿದು ನಿಲ್ಲಿಸಬಾರದು, ಒಳಗಿನ ಕ್ಲಚ್ ಪ್ಲೇಟ್ ಸುಟ್ಟು ಹೋಗ್ತದೆ, ಎಎಂಟಿಯಲ್ಲೂ ಕ್ಲಚ್ ಉಂಟು, ನಮ್ಮ ಕಾಲಿನ ಬದಲು ಮೆಷಿನ್ ಒತ್ತುತ್ತದೆ ಅಷ್ಟೇ ಅಂತ. ಇದನ್ನು ಅಪ್ಪ ಎರಡು ಸಲ ಕೇಳಿ ತಿಳ್ಕೊಂಡ್ರು. ನಮ್ಮ ಮನೆ ಏರಿನ ವಿಷಯ ಹೇಳಿದಾಗ, ಮ್ಯಾನುವಲ್ ಮೋಡಿಗೆ ಹಾಕಿ ಒಂದನೇ ಗೇರಲ್ಲೇ ಹತ್ತಿಸಿ, ಡಿಯಲ್ಲಿ, ಅಂದ್ರೆ ಗೇರ್ ತಾನಾಗಿ ಬದಲಾಗುವ ಮೋಡಲ್ಲಿ, ಬಿಟ್ರೆ ಮಧ್ಯದಲ್ಲಿ ಎರಡಕ್ಕೆ ಹೋಗಿ ಸಿಕ್ಕಿ ಹಾಕ್ಕೊಳ್ತದೆ ಅಂದ. ಅದು ಯಾವ ಬ್ರೋಷರಲ್ಲೂ ಇಲ್ಲದ ಮಾತು, ಮನೆಗೆ ಬಂದು ಮಾಡಿ ನೋಡಿದ್ರೆ ನೂರಕ್ಕೆ ನೂರು ಸರಿ.

ಮಾಡೆಲ್ ಟಿ ಕೊಡುವಾಗಲೂ ಹೀಗೆ ಕಲಿಸಲೇಬೇಕಿತ್ತು, ಯಾಕಂದ್ರೆ ಅದರ ಮೂರು ಪೆಡಲಿನ ಲೆಕ್ಕ ಈಗಿನದ್ದಲ್ಲ. ಎಡಗಡೆ ಪೆಡಲ್ ಪೂರ್ತಿ ಒತ್ತಿದ್ರೆ ಲೋ ಗೇರು, ಅರ್ಧ ಬಿಟ್ರೆ ನ್ಯೂಟ್ರಲ್, ಪೂರ್ತಿ ಬಿಟ್ರೆ ಹೈ ಗೇರು. ಮಧ್ಯದ್ದು ರಿವರ್ಸು. ಬಲಗಡೆಯದ್ದು ಬ್ರೇಕು. ಆಕ್ಸಿಲರೇಟರ್ ಕಾಲಲ್ಲಿ ಇಲ್ಲವೇ ಇಲ್ಲ, ಸ್ಟೇರಿಂಗಿನ ಕೆಳಗೆ ಒಂದು ಕಡ್ಡಿ, ಅದರ ಎದುರು ಬದಿಯಲ್ಲಿ ಸ್ಪಾರ್ಕಿನ ಸಮಯ ಹಿಂದೆ ಮುಂದೆ ಮಾಡುವ ಇನ್ನೊಂದು ಕಡ್ಡಿ. ಸ್ಟಾರ್ಟ್ ಮಾಡೋದು ಎದುರಿನ ಹ್ಯಾಂಡಲ್ ತಿರುಗಿಸಿ, ಆ ಸ್ಪಾರ್ಕ್ ಕಡ್ಡಿ ಸರಿ ಜಾಗದಲ್ಲಿ ಇಡದೆ ತಿರುಗಿಸಿದ್ರೆ ಹ್ಯಾಂಡಲ್ ವಾಪಸು ಒದ್ದು ಕೈಮೂಳೆ ಮುರೀತಿತ್ತು. ಪೆಟ್ರೋಲ್ ಟ್ಯಾಂಕು ಎದುರಿನ ಸೀಟಿನ ಅಡಿಯಲ್ಲಿ, ಪಂಪ್ ಇಲ್ಲ, ಎಣ್ಣೆ ತಾನಾಗಿ ಇಳಿದು ಇಂಜಿನಿಗೆ ಹೋಗಬೇಕು, ಟ್ಯಾಂಕಲ್ಲಿ ಎಣ್ಣೆ ಕಮ್ಮಿ ಇದ್ದು ಏರು ಕಡಿದಾಗಿದ್ರೆ ಇಂಜಿನ್ ಮೇಲಾಗಿ ಟ್ಯಾಂಕ್ ಕೆಳಗಾಗಿ ಎಣ್ಣೆ ಹರಿಯೋದಿಲ್ಲ, ಹಾಗಾಗಿ ಜನ ಗಾಡಿ ತಿರುಗಿಸಿ ರಿವರ್ಸಲ್ಲಿ ಗುಡ್ಡೆ ಹತ್ತಿಸ್ತಿದ್ರು. ಇದನ್ನೆಲ್ಲ ಯಾರಾದ್ರೂ ಪಕ್ಕದಲ್ಲಿ ನಿಂತು ಹೇಳಿಕೊಡದೆ ಕುದುರೆ ಗಾಡಿಯಿಂದ ಇಳಿದ ರೈತನಿಗೆ ಹೇಗೆ ಗೊತ್ತಾಗಬೇಕು ಹೇಳಿ. ಈಗಿನ ಕಾರು ಓಡಿಸ್ಲಿಕ್ಕೆ ಸುಲಭ, ಆದ್ರೆ ಎಎಂಟಿ, ಏರಲ್ಲಿ ಗಾಡಿ ಹಿಂದೆ ಜಾರದ ಹಾಗೆ ಹಿಡಿಯುವ ಹಿಲ್ ಹೋಲ್ಡ್, ಸ್ಕ್ರೀನಿನ ಒಳಗೆ ಅಡಗಿದ ಹತ್ತೆಂಟು ಸೆಟ್ಟಿಂಗು, ಎಪ್ಪತ್ತರ ಹತ್ರದ ಅಪ್ಪನಂಥವರಿಗೆ ಇದೂ ಅಷ್ಟೇ ಹೊಸದು. ಯೂಟ್ಯೂಬಲ್ಲಿ ನೋಡಿ ಸಾರ್ ಅಂದ್ರೆ ಸಾಕಾಗೋದಿಲ್ಲ.

ಕೊರತೆಗಳನ್ನೂ ಹೇಳಬೇಕು. ಓನರ್ಸ್ ಮ್ಯಾನುವಲ್ ಪುಸ್ತಕ ಬರೇ ಇಂಗ್ಲಿಷಲ್ಲಿ. ಇದು ಶೋರೂಮಿನ ಕೈಯಲ್ಲಿ ಇಲ್ಲ ಅಂತ ಒಪ್ತೇನೆ, ಆದ್ರೆ ಆ ಟೆಕ್ನಿಷಿಯನ್ ಹೇಳಿದ್ದನ್ನೇ ಎರಡು ಪುಟದಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಪ್ರಿಂಟ್ ಹಾಕಿ ಕೊಡ್ಲಿಕ್ಕೆ ಎಷ್ಟು ಖರ್ಚು? ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಬರುವ ಎಷ್ಟೋ ಗಿರಾಕಿಗಳು ಕನ್ನಡದಲ್ಲೇ ಓದುವವರು, ಅವರ ದುಡ್ಡಿಗೂ ಅಷ್ಟೇ ಬೆಲೆ ಉಂಟಲ್ಲ. ಮ್ಯಾನೇಜರ್ ಹತ್ರ ಹೇಳಿದ್ದೇನೆ, ಬರೆದು ಕೊಟ್ರೆ ಪ್ರಿಂಟ್ ಹಾಕಿಸ್ತೇವೆ ಅಂದಿದ್ದಾರೆ, ಅಪ್ಪ ಬರೀಲಿಕ್ಕೆ ಶುರುವೂ ಮಾಡಿದ್ದಾರೆ.

ಇನ್ನೊಂದು ನನಗೆ ನಿಜವಾಗಿ ಬೇಜಾರಾದದ್ದು. ಹಾಲಲ್ಲಿ ಅಮ್ಮ ಕೇಳಿದ ಪ್ರಶ್ನೆಗೆಲ್ಲ ಸೇಲ್ಸ್ ಹುಡುಗ ನನ್ನ ಮುಖ ನೋಡಿ ಉತ್ತರ ಕೊಡ್ತಾ ಇದ್ದ. ಹಿಂದಿನ ಸೀಟಿಗೆ ಹತ್ತಲಿಕ್ಕೆ ಎತ್ತರ ಎಷ್ಟು, ಸೀರೆ ಉಟ್ಟುಕೊಂಡು ಇಳೀಲಿಕ್ಕೆ ಬಾಗಿಲು ಎಷ್ಟು ತೆರೀತದೆ, ಡಿಕ್ಕಿಯಲ್ಲಿ ತೆಂಗಿನಕಾಯಿ ಗೋಣಿ ಇಟ್ರೆ ಮೇಲಿನ ತಟ್ಟೆ ತೆಗೀಬಹುದಾ, ಇಷ್ಟು ಒಳ್ಳೇ ಪ್ರಶ್ನೆ ನಾನಾಗ್ಲೀ ಅಪ್ಪನಾಗ್ಲೀ ಕೇಳಿರಲಿಲ್ಲ. ಅಮ್ಮನ ಹತ್ರ ನೇರ ಮಾತಾಡಿದ್ದು ಯಾರ್ಡಿನ ಆ ಟೆಕ್ನಿಷಿಯನ್ ಒಬ್ಬನೇ. ಕಳೆದುಹೋದ ಸ್ಟಾರಿನ ಇನ್ನರ್ಧ ಇದಕ್ಕೆ.

ಹೋಗುವವರಿಗೆ ಕೆಲವು ಮಾತು. ಬೆಳಿಗ್ಗೆ ಹೋಗಿ, ಮಳೆ ಇದ್ರೆ ಬೇರೆ ದಿನ ಕೇಳಿ, ನೀರು ಬಿದ್ದ ಬಾಡಿಯಲ್ಲಿ ಗೀರು ಕಾಣೋದಿಲ್ಲ. ಫೋನಿನ ಟಾರ್ಚ್ ಸಾಕು. ಚಾಸಿ ನಂಬರಿನ ಫೋಟೋ ನೀವೇ ತೆಗೀರಿ, ಇನ್ವಾಯ್ಸಲ್ಲಿ, ಇನ್ಶೂರೆನ್ಸಲ್ಲಿ, ಫಾರ್ಮ್ 21 (ಮಾರಾಟದ ಸರ್ಟಿಫಿಕೇಟು) ಮತ್ತು 22ರಲ್ಲಿ (ಗಾಡಿ ರೋಡಿಗೆ ಯೋಗ್ಯ ಅಂತ ಕಂಪನಿ ಕೊಡುವ ಸರ್ಟಿಫಿಕೇಟು) ಅದೇ ನಂಬರ್ ಇದೆಯಾ ನೋಡಿ. ಎರಡನೇ ಕೀ ಕೈಗೆ ಬಂತಾ ನೋಡಿ, ಜ್ಯಾಕು, ಪಾನಾ, ಎಚ್ಚರಿಕೆಯ ತ್ರಿಕೋನ ಡಿಕ್ಕಿಯಲ್ಲಿ ಇದೆಯಾ ನೋಡಿ. ಪಿಡಿಐ ಶೀಟಿನ ಕಾಪಿ ಕೇಳಿ, ಇವರು ಕೇಳದೆಯೇ ಕೊಟ್ರು. ಆರು ಲೈನ್ ಆದ ಮೇಲೆ ಹೈವೇಯಿಂದ ನೇರ ತಿರುಗಿ ಶೋರೂಮಿಗೆ ಹೋಗ್ಲಿಕ್ಕೆ ಆಗೋದಿಲ್ಲ, ಕುಂಬಳೆ ಕಡೆಯಿಂದ ಬರುವವರು ಸರ್ವಿಸ್ ರೋಡಿಗೆ ಮೊದಲೇ ಇಳೀಬೇಕು, ತಪ್ಪಿದ್ರೆ ಮುಂದಿನ ಅಂಡರ್‌ಪಾಸ್ ತನಕ ಹೋಗಿ ಸುತ್ತು ಹಾಕಿ ಬರಬೇಕಾಗ್ತದೆ. ಮತ್ತೆ ಯಾರ್ಡಲ್ಲಿ ಪೈವಳಿಕೆಯ ಹುಡುಗ ಇದ್ದಾನಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೋಗಿ, ಅವನ ರಜೆ ದಿನ ಬೇಡ.